ಉಡಿಯ ರೂಪಾಯಿ

1997ರ ಫೆಬ್ರವರಿಯ ಒಂದು ಮಂಗಳವಾರ ಸವದತ್ತಿಯ ಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುವ ಪತ್ತಾರರೊಬ್ಬರು ನನ್ನ ಚಿಗವ್ವ ಕೊಟ್ಟ ಐದು ಹಳೆಯ ರೂಪಾಯಿಗಳನ್ನು ಪರೀಕ್ಷಿಸಿ, ಎರಡನ್ನು ಬಲಕ್ಕೂ ಮೂರನ್ನು ಎಡಕ್ಕೂ ಇಟ್ಟರು. ಬಲಕ್ಕಿಟ್ಟವು ಒಳ್ಳೆಯ ಬೆಳ್ಳಿ. ಎಡಕ್ಕಿಟ್ಟವುಗಳಲ್ಲಿ ಬೆಳ್ಳಿ ಅರ್ಧ, ಉಳಿದದ್ದು ತಾಮ್ರ ಮತ್ತು ಬೇರೆ ಲೋಹ.

ಚಿಗವ್ವ ನನ್ನ ಅವ್ವನ ಒಬ್ಬಳೇ ತಂಗಿ. ರಾಮದುರ್ಗಕ್ಕೆ ಮದುವೆಯಾಗಿ ಹೋದವಳು. ಆ ಐದು ರೂಪಾಯಿ ಅವಳ ತಂದೆ, ಅಂದರೆ ನನ್ನ ಅಜ್ಜ, ಮದುವೆಯ ದಿನ ಅವಳ ಉಡಿಯಲ್ಲಿ ಹಾಕಿದ್ದು. ಅವನ್ನು ಕರಗಿಸಿ ತನ್ನ ಇಷ್ಟಲಿಂಗಕ್ಕೆ ಒಂದು ಕರಡಿಗೆ ಮಾಡಿಸಬೇಕೆಂಬುದು ಅವಳ ಆಸೆ. ಕೊರಳಲ್ಲಿದ್ದ ಹಳೆಯ ಕರಡಿಗೆಯ ಮುಚ್ಚಳ ಸವೆದು ಸಡಿಲಾಗಿತ್ತು. ಹೊಸದು ಅಪ್ಪನ ಬೆಳ್ಳಿಯದೇ ಆಗಬೇಕು ಎಂದು ಅವಳು ವರ್ಷಗಳಿಂದ ಹೇಳುತ್ತಿದ್ದಳು. ಬಳೆ ಮಾಡಿಸಲಿಲ್ಲ, ಮೊಮ್ಮಕ್ಕಳಿಗೆ ಗೆಜ್ಜೆ ಮಾಡಿಸಲಿಲ್ಲ. ಲಿಂಗಕ್ಕೆ ಅಂತ ಇಟ್ಟಿದ್ದಳು.

ಆ ದಿನ ಅಂಗಡಿಯಲ್ಲಿ ನಾನಿರಲಿಲ್ಲ. ಅಲ್ಲಿ ನಡೆದದ್ದನ್ನು ಚಿಗವ್ವನೂ ಪತ್ತಾರರೂ ಬೇರೆ ಬೇರೆ ವರ್ಷಗಳಲ್ಲಿ ನನಗೆ ಹೇಳಿದ್ದಾರೆ. ಇಬ್ಬರ ಮಾತಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮಂಗಳವಾರ, ಶುಕ್ರವಾರ ಸವದತ್ತಿಯಲ್ಲಿ ಗುಡ್ಡಕ್ಕೆ ಹೋಗುವವರ ಗದ್ದಲ. ಎಲ್ಲವ್ವನಿಗೆ ಹರಕೆ ಒಪ್ಪಿಸುವವರು ಬೆಳ್ಳಿಯ ಕಣ್ಣು, ಬೆಳ್ಳಿಯ ಮುಖ ಕೊಳ್ಳುತ್ತಾರೆ. ಗುಡ್ಡದ ಬುಡದ ಉಗರಗೋಳದ ಅಂಗಡಿಗಳಿಗೂ ಈ ಪತ್ತಾರರೇ ಅವನ್ನು ಬಡಿದು ಕೊಡುತ್ತಿದ್ದರು. ಹಾಗಾಗಿ ಅವರ ಕೈಗೆ ದಿನವೂ ಹತ್ತು ತರಹದ ಬೆಳ್ಳಿ ಬರುತ್ತಿತ್ತು, ನಂಬುವ ಅಭ್ಯಾಸ ಅವರಿಗಿರಲಿಲ್ಲ. ಚಿಗವ್ವ ರೂಪಾಯಿಗಳನ್ನು ಕೊಟ್ಟಾಗ ಮೊದಲು ಒಂದೊಂದನ್ನೂ ಕಲ್ಲಿನ ಮೇಲೆ ಬೀಳಿಸಿ ಸಪ್ಪಳ ಕೇಳಿದರು. ಆಮೇಲೆ ತಕ್ಕಡಿಯಲ್ಲಿ ಒಂದರ ಎದುರು ಇನ್ನೊಂದನ್ನು ಇಟ್ಟರು. ತೂಕದಲ್ಲಿ ಹೇಳುವಂಥ ಫರಕು ಇರಲಿಲ್ಲ. ಚಿಗವ್ವ ಆಗಲೇ ಎದ್ದು ನಿಲ್ಲಲು ಹೊರಟಿದ್ದಳಂತೆ. ಅವರು ಕೂಡಲು ಹೇಳಿ ಒರೆಗಲ್ಲು ತೆಗೆದರು.

ಬೆಳ್ಳಿ ನೋಡುವ ರೀತಿ ಸರಳ. ನಾಣ್ಯದ ಅಂಚನ್ನು ಒರೆಗಲ್ಲಿಗೆ ತಿಕ್ಕಿದರೆ ಒಂದು ಬಿಳಿ ಗೆರೆ ಬೀಳುತ್ತದೆ. ಅದರ ಮೇಲೆ ಒಂದು ಹನಿ ತೇಜಾಬು, ಅಂದರೆ ಆಮ್ಲ, ಬಿಟ್ಟು, ಆಮೇಲೆ ಉಪ್ಪಿನ ನೀರಿನ ಹನಿ ಬಿಡುತ್ತಾರೆ. ಬೆಳ್ಳಿ ಚಲೋದಿದ್ದರೆ ಹಾಲು ಒಡೆದಂತೆ ಗಟ್ಟಿ ಬಿಳುಪು ಏಳುತ್ತದೆ. ಕಲಬೆರಕೆ ಇದ್ದರೆ ಬಿಳುಪು ತೆಳ್ಳಗಿದ್ದು ಹನಿಯೊಳಗೆ ಹಸಿರು ಛಾಯೆ ಕಾಣುತ್ತದೆ. ಚಿಗವ್ವ ನೋಡುತ್ತ ಕೂತಂತೆ ಎರಡು ಗೆರೆಗಳು ಹಾಲಾದವು, ಮೂರು ಹಸಿರಾದವು.

"ಅವ್ವಾರ, ಈ ಮೂರು ಬ್ಯಾರೆ ಅದಾವ್ರಿ," ಎಂದರು ಪತ್ತಾರರು. "ಎಲ್ಲಾ ಕೂಡಿಸಿ ಕರಗಿಸಿದ್ರ ಕರಡಗಿ ಆಗತೈತಿ. ಆದ್ರ ಬಡಿಯೋ ಮುಂದ ಸೀಳತೈತಿ, ಆಮ್ಯಾಲೆ ಕಪ್ಪ ಆಗತೈತಿ."

ಅವರು ಇನ್ನೂ ಒಂದು ಮಾತು ಹೇಳಿದ್ದರು. ಅದನ್ನು ಚಿಗವ್ವ ಅಂದು ನಮಗೆ ಹೇಳಲಿಲ್ಲ.

ಇಲ್ಲಿ ಉಡಿಯ ರೂಪಾಯಿಯ ವಿಷಯ ಹೇಳಬೇಕು. ಅಜ್ಜನದು ನೇಸರಗಿಯಲ್ಲಿ ಹತ್ತಿ ವ್ಯಾಪಾರ. ಮಗಳ ಮದುವೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಬೆಲ್ಲ ಹಾಕಿ ಉಡಿ ತುಂಬುವವರು ಹೆಂಗಸರು. ಅದರ ಮೇಲೆ ಬೆಳ್ಳಿಯ ರೂಪಾಯಿ ಹಾಕುವುದು ಮಾತ್ರ ಅಜ್ಜನ ಕೈ. ಆ ರೂಪಾಯಿಯನ್ನು ಖರ್ಚು ಮಾಡುವಂತಿಲ್ಲ, ಮಾರುವಂತಿಲ್ಲ. ದೀಪಾವಳಿಗೆ ತೊಳೆದು ಲಕ್ಷ್ಮಿಯ ಮುಂದೆ ಇಡಬೇಕು. ಅವ್ವನ ಮದುವೆ 1937ರಲ್ಲಿ, ಚಿಗವ್ವನದು 1944ರಲ್ಲಿ. ಚಿಗವ್ವನ ಮದುವೆಯ ದಿನ ಅಜ್ಜ ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ನಿಲ್ಲಿಸಿಕೊಂಡು, "ಇಬ್ಬರಿಗೂ ಸಮ ಹಾಕೇನಿ. ಬೇಕಾದ್ರ ತಕ್ಕಡ್ಯಾಗ ಇಟ್ಟು ನೋಡ್ಕೋರಿ" ಎಂದರಂತೆ. ಈ ಮಾತನ್ನು ಅಕ್ಕ ತಂಗಿ ಇಬ್ಬರೂ ಇದೇ ಶಬ್ದಗಳಲ್ಲಿ ಹೇಳುತ್ತಿದ್ದರು. ಅಜ್ಜ ತಕ್ಕಡಿ ಮುಟ್ಟಿ ಹೇಳಿದ ಮಾತು ಸುಳ್ಳಾದದ್ದನ್ನು ನೇಸರಗಿಯಲ್ಲಿ ಯಾರೂ ಕಂಡಿರಲಿಲ್ಲ ಎಂಬುದು ಅವರ ನಂಬಿಕೆ. ರೂಪಾಯಿ ಅಂದರೆ ಒಂದು ತೊಲೆ. ನಮ್ಮ ಮನೆಗಳಲ್ಲಿ ಇಂಗು, ಕೇಸರಿಯನ್ನು ಅದರ ಎದುರಿಗಿಟ್ಟೇ ತೂಗುತ್ತಿದ್ದರು. ತೂಕ ಸಮ ಇದ್ದರೆ ಬೆಲೆ ಸಮ ಎಂಬುದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

1993ರಲ್ಲಿ ರಾಮದುರ್ಗದ ಮನೆಯ ಹಳೆಯ ಮಣ್ಣಿನ ಗೋಡೆಗಳನ್ನು ಕೆಡವಿ ಹೊಸದಾಗಿ ಕಟ್ಟಲು ಶುರು ಮಾಡಿದರು. ಬಾಡಿಗೆಯ ಎರಡು ಕೋಣೆಗಳಲ್ಲಿ ಸಾಮಾನು ಇಟ್ಟುಕೊಂಡು ಇರಬೇಕಾಯಿತು. ಚಿಗವ್ವ ತನ್ನ ಐದು ರೂಪಾಯಿಗಳನ್ನು ಬೈಲಹೊಂಗಲದ ನಮ್ಮ ಮನೆಗೆ ತಂದು ಅವ್ವನ ಕೈಗೆ ಕೊಟ್ಟಳು. ಅವ್ವ ಅವನ್ನು ತನ್ನ ಐದರ ಜೊತೆ ಹಿತ್ತಾಳೆಯ ಗಿಂಡಿಯಲ್ಲಿ ಹಾಕಿ ದೇವರ ಜಗಲಿಯ ಮೇಲೆ ಇಟ್ಟಳು. ಬೇರೆ ಬೇರೆ ಕಟ್ಟಿ ಇಡಬೇಕೆಂದು ಯಾರಿಗೂ ಅನಿಸಲಿಲ್ಲ. ದೀಪಾವಳಿಗೆ ಹತ್ತನ್ನೂ ಒಂದೇ ಹರಿವಾಣದಲ್ಲಿ ಹಾಕಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ಎರಡೂ ಮನೆಗಳಲ್ಲಿ ಐವತ್ತು ವರ್ಷ ಹೀಗೆ ತಿಕ್ಕಿ ತಿಕ್ಕಿ ನಾಣ್ಯದ ಮೇಲಿನ ರಾಣಿಯ ಮೂಗು ಹೋಗಿತ್ತು, ರಾಜರ ಗಡ್ಡ ಹೋಗಿತ್ತು. ಗಡ್ಡ ಇದ್ದ ರಾಜ ಯಾರು, ಇಲ್ಲದ ರಾಜ ಯಾರು ಎಂದು ಮೇಲ್ನೋಟಕ್ಕೆ ಹೇಳಲಾಗುತ್ತಿರಲಿಲ್ಲ.

1995ರಲ್ಲಿ ಮನೆ ಮುಗಿಯಿತು. ರೂಪಾಯಿ ಒಯ್ಯಲು ಚಿಗವ್ವ ಬಂದಳು. ಆ ದಿನ ನಾನು ಮನೆಯಲ್ಲಿದ್ದೆ. ಹೊರಡುವಾಗ ಅವ್ವ ತಂಗಿಯನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಉಡಿ ತುಂಬುವಾಗ ಆರಿಸಿ ಹಾಕಬಾರದು ಎಂಬುದು ಅವರ ತವರಿನ ಕಟ್ಟಳೆ. ಒಣ ಕೊಬ್ಬರಿ ಚಿಕ್ಕದಿರಲಿ ದೊಡ್ಡದಿರಲಿ, ಕೈಗೆ ಸಿಕ್ಕದ್ದನ್ನು ಹಾಕಬೇಕು. ಇದು ಸಣ್ಣದು ಎಂದು ಬದಲಿಸಿದರೆ ಕೊಡುವ ಮನಸ್ಸು ಸಣ್ಣದು ಎಂದರ್ಥ. ಅವ್ವ ಗಿಂಡಿಯೊಳಗೆ ಕೈ ಹಾಕಿ, ನೋಡದೆ, ಐದು ರೂಪಾಯಿ ಎಣಿಸಿ ಹಾಕಿದಳು.

"ನಿನ್ನವು ಯಾವು, ನನ್ನವು ಯಾವು, ಗೊತ್ತ ಆಗೋದು ಹೆಂಗ?" ಎಂದು ಚಿಗವ್ವ ನಕ್ಕಳು.

"ದನ ಅಲ್ಲ, ಬರೆ ಹಾಕಿ ಇಡಾಕ," ಎಂದಳು ಅವ್ವ.

ಎರಡು ವರ್ಷ ಆ ರೂಪಾಯಿಗಳು ರಾಮದುರ್ಗದಲ್ಲಿದ್ದವು. ಆಮೇಲೆ ಸವದತ್ತಿಯ ಆ ಮಂಗಳವಾರ ಬಂತು.

ಪತ್ತಾರರ ಅಂಗಡಿಯಿಂದ ಚಿಗವ್ವ ಊರಿಗೆ ಹೋಗಲಿಲ್ಲ. ಬೈಲಹೊಂಗಲದ ಬಸ್ಸು ಹತ್ತಿದಳು. ಸಂಜೆ ನಾನು ಪತ್ರಿಕೆಯ ಕಚೇರಿಯಿಂದ ಬಂದಾಗ ಪಡಸಾಲೆಯಲ್ಲಿ ಅಕ್ಕ ತಂಗಿ ಎದುರು ಬದುರು ಕೂತಿದ್ದರು. ನಡುವೆ ಚಿಕ್ಕ ಮಣೆಯ ಮೇಲೆ ಮೂರು ರೂಪಾಯಿ ಇದ್ದವು. ಕಪ್ಪಿನಲ್ಲಿ ಚಹಾ ಹಾಗೇ ಕೆನೆಗಟ್ಟಿತ್ತು. ಪತ್ತಾರ ಹೇಳಿದ್ದನ್ನು ಚಿಗವ್ವ ಹೇಳಿ ಮುಗಿಸಿದ್ದಳು. ಅಪ್ಪ ಇಂಥದ್ದು ಹಾಕಿರಲಿಕ್ಕೆ ಸಾಧ್ಯವಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಕ್ಕ ಬದಲಿಸಿದ್ದಾಳೆ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಅಪ್ಪ ಹಾಕಿದ್ದಲ್ಲವಾದರೆ, ರೂಪಾಯಿಗಳು ಅವಳ ಪೆಟ್ಟಿಗೆ ಬಿಟ್ಟು ಬೇರೆ ಕಡೆ ಇದ್ದದ್ದು ಒಂದೇ ಮನೆಯಲ್ಲಿ.

"ಹಂಗಾರ ಬದಲ ಮಾಡಿದಾಕಿ ನಾನು, ಹೌದಿಲ್ಲೊ?" ಎಂದು ಅವ್ವ ಕೇಳಿದಳು.

ಚಿಗವ್ವ ಮೂರು ರೂಪಾಯಿಗಳನ್ನು ಮಣೆಯ ಮೇಲೇ ಬಿಟ್ಟು ಎದ್ದಳು. ಕಡೆಯ ಬಸ್ಸಿಗೆ ಇನ್ನೂ ಸಮಯವಿತ್ತು. ಊಟ ಮಾಡಿ ಹೋಗು ಎಂದು ನನ್ನ ಹೆಂಡತಿ ಕೇಳಿಕೊಂಡಳು. ಅವ್ವ ಅಕ್ಕಿಯ ಮೊರ ತಂದು ನಿಂತಳು. ಚಿಗವ್ವ ಉಡಿ ತುಂಬಿಸಿಕೊಳ್ಳದೆ ಹೊಸ್ತಿಲು ದಾಟಿದಳು. ಐವತ್ತಮೂರು ವರ್ಷದಲ್ಲಿ ಹೀಗಾದದ್ದು ಮೊದಲ ಸಲ ಎಂದು ಅವ್ವ ಆಮೇಲೆ ಹೇಳಿದಳು. ಮೂರು ರೂಪಾಯಿಗಳನ್ನು ಗಿಂಡಿಗೆ ಹಾಕದೆ ಒಂದು ಅರಿವೆಯಲ್ಲಿ ಕಟ್ಟಿ ಬೇರೆ ಇಟ್ಟಳು.

ಆ ವರ್ಷ ನಾಗರ ಪಂಚಮಿಗೆ ಚಿಗವ್ವ ಬರಲಿಲ್ಲ. ತವರಿನಲ್ಲಿ ಅಜ್ಜ ಅಜ್ಜಿ ಹೋದ ಮೇಲೆ ಪಂಚಮಿಗೆ ಅವಳು ಬರುತ್ತಿದ್ದದ್ದು ಅಕ್ಕನ ಮನೆಗೆ. ಅವ್ವ ಶೇಂಗಾದ ಉಂಡಿ, ಎಳ್ಳಿನ ಉಂಡಿ ಮಾಡಿ, ರಾಮದುರ್ಗಕ್ಕೆ ಹೋಗುವವರ ಕೈಯಲ್ಲಿ ಒಂದು ಡಬ್ಬಿ ಕಳಿಸಿದಳು. ಎಂಟು ದಿನದಲ್ಲಿ ಡಬ್ಬಿ ತಿರುಗಿ ಬಂತು. ಅದು ಖಾಲಿ ಇರಲಿಲ್ಲ. ತಳದಲ್ಲಿ ಒಂದು ಹಿಡಿ ಸಕ್ಕರೆ ಇತ್ತು. ಅವ್ವ ಮುಚ್ಚಳ ತೆರೆದು ನೋಡಿದಳು. ಆಮೇಲೆ ಮುಚ್ಚಿ, ಆ ಸಕ್ಕರೆಯನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ.

ಅಕ್ಟೋಬರಿನಲ್ಲಿ ಕಿತ್ತೂರಿನ ಉತ್ಸವದ ವರದಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹೊರಡುವ ದಿನ ಅವ್ವನನ್ನು ಕೇಳಿ ಆ ಮೂರು ರೂಪಾಯಿಗಳನ್ನು ಜೇಬಿನಲ್ಲಿ ಹಾಕಿಕೊಂಡೆ. ಕೋಟೆಯ ದಾರಿಯಲ್ಲಿ ಹಳೆಯ ನಾಣ್ಯ ಮಾರುವ ಒಬ್ಬರಿದ್ದರು. ಅವರ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಎರಡು ಸಾಲು ನಾಣ್ಯ. ಮೊದಲ ಸಾಲಿನಲ್ಲಿದ್ದದ್ದು ಇಂಗ್ಲೆಂಡಿನ ರಾಣಿಯ ರೂಪಾಯಿ. ಬಂದವರಿಗೆ "ರಾಣಿ ಕಾಲದ್ದು" ಎಂದು ಹೇಳುತ್ತಿದ್ದರು. ಕಿತ್ತೂರಿನಲ್ಲಿ ನಿಂತು ಹಾಗೆ ಹೇಳಿದರೆ ಜನ ಏನು ತಿಳಿಯುತ್ತಾರೆ ಎಂದು ನಾನು ಕೇಳಿದ್ದಕ್ಕೆ, ಯಾವ ರಾಣಿ ಅಂತ ಅವರೂ ಕೇಳುವುದಿಲ್ಲ, ತಾನೂ ಹೇಳುವುದಿಲ್ಲ, ಪೇಪರಿನವರು ಬಂದು ನಡುವೆ ಕೈ ಹಾಕಬಾರದು ಎಂದು ನಕ್ಕರು.

ನನ್ನ ಮೂರನ್ನು ಅವರು ಬೆಳಕಿಗೆ ಹಿಡಿದು, ಮೊದಲು ತನಗೆ ಬೇಕಾದ ವಿಷಯ ಹೇಳಿದರು. ಇವಕ್ಕೆ ಸಂಗ್ರಹ ಮಾಡುವವರು ಏನೂ ಕೊಡುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದ ನಾಣ್ಯಕ್ಕೆ ಲೋಹದ ದರ ಬಿಟ್ಟು ಬೇರೆ ದರ ಇಲ್ಲ. ಲಕ್ಷ್ಮೀ ಪೂಜೆ ಮಾಡುವ ಮನೆಗಳಿಂದ ಬಂದ ನಾಣ್ಯಗಳೆಲ್ಲ ಹೀಗೇ, ಮುಖ ಇರುವುದಿಲ್ಲ. ಲೋಹದ ದರ ಎಷ್ಟು ಎಂಬುದು ಆ ನಾಣ್ಯ ಯಾವ ವರ್ಷದ್ದು ಎಂಬುದರ ಮೇಲೆ.

ಆಮೇಲೆ ಅವರು ತಮ್ಮ ಪೆಟ್ಟಿಗೆಯಿಂದ ಒಂದು ರೂಪಾಯಿ ತೆಗೆದು ನನ್ನದರ ಪಕ್ಕದಲ್ಲಿ ಹಿಡಿದು, ಅಂಚಿನ ಮೇಲೆ ಉಗುರು ಎಳೆಯಲು ಹೇಳಿದರು. ಅವರದರ ಅಂಚಿನಲ್ಲಿ ನಿಂತ ಗೀರುಗಳು ಮಾತ್ರ ಇದ್ದವು. ನನ್ನ ಮೂರರ ಅಂಚಿನಲ್ಲಿ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆಯಂತೆ ಗೆರೆ ಹರಿದಿತ್ತು. ಮುಖ ಸವೆದರೂ ಅಂಚು ಅಷ್ಟು ಸವೆಯುವುದಿಲ್ಲ. ಹಳೆಯ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಹಳೆಯ ರಾಣಿ, ರಾಜರ ರೂಪಾಯಿಗಳನ್ನು ಒಂದೊಂದಾಗಿ ಹಿಂದಕ್ಕೆ ಕರೆಯಿತು. ತೂಕ ಮಾತ್ರ ಅದೇ ತೊಲೆ ಇಟ್ಟಿತು. ಗೆರೆಯ ಅಂಚು ಬಂದದ್ದು ಆಗಲೇ.

ಹಿಂದೆ ತಿರುಗಿಸಿ ನಾಣ್ಯವನ್ನು ಓರೆಯಾಗಿ ಹಿಡಿದಾಗ ಇಸವಿಯೂ ಓದಲು ಬಂತು. ಒಂದು 1942. ಎರಡು 1943.

ಬೈಲಹೊಂಗಲಕ್ಕೆ ತಿರುಗಿ ಬರುವ ಬಸ್ಸಿನಲ್ಲಿ ಲೆಕ್ಕ ಸರಳವಾಗಿತ್ತು. ಅವ್ವನ ಉಡಿಯಲ್ಲಿ ರೂಪಾಯಿ ಬಿದ್ದದ್ದು 1937ರಲ್ಲಿ. ಆಗ ಈ ಮೂರು ನಾಣ್ಯಗಳು ಹುಟ್ಟಿರಲಿಲ್ಲ. ಆ ಗಿಂಡಿಯಲ್ಲಿ ಹತ್ತರ ಹೊರತು ಬೇರೆ ರೂಪಾಯಿ ಬಂದಿರಲಿಲ್ಲ. ಆದ್ದರಿಂದ ಇವು ಚಿಗವ್ವನವೇ. ಅಜ್ಜನೇ ಹಾಕಿದ್ದು. 1944ರಲ್ಲಿ ಹಳೆಯ ರೂಪಾಯಿ ಸಿಗದೆ, ಆಗ ಕೈಯಲ್ಲಿ ಓಡಾಡುತ್ತಿದ್ದ ಹೊಸದನ್ನು ಹಾಕಿ, ತಕ್ಕಡಿಯ ಲೆಕ್ಕದಲ್ಲಿ ಸಮ ಎಂದಿದ್ದರು. ಅವ್ವ ನೋಡದೆ ಕೊಟ್ಟದ್ದರಲ್ಲಿ ಆ ಮೂರೂ ತಮ್ಮ ಒಡತಿಯ ಬಳಿಗೇ ಹೋಗಿದ್ದವು.

ಮನೆಗೆ ಬಂದು ಅವ್ವನನ್ನು ಕೂಡಿಸಿ ಇದನ್ನೆಲ್ಲ ಹೇಳಿದೆ. ಗಿಂಡಿಯಲ್ಲಿದ್ದ ಐದನ್ನೂ ತೆಗೆಸಿ, ಒಂದೊಂದರ ಅಂಚಿನ ಮೇಲೂ ಅವಳ ಉಗುರು ಎಳೆಸಿದೆ. ಆಮೇಲೆ ಆ ಮೂರರ ಮೇಲೆ ಎಳೆಸಿದೆ. ಅವಳ ಬೆರಳಿಗೆ ಫರಕು ತಿಳಿಯಿತು. ನಾಳೆಯೇ ರಾಮದುರ್ಗಕ್ಕೆ ಹೋಗಿ ಚಿಗವ್ವನಿಗೆ ತಿಳಿಸುತ್ತೇನೆ, ನಿನ್ನ ಮೇಲಿನ ಮಾತು ಹೋಗುತ್ತದೆ ಎಂದೆ.

ಅವ್ವ ಆ ಮೂರನ್ನು ಮತ್ತೆ ಅರಿವೆಯಲ್ಲಿ ಕಟ್ಟಿದಳು.

"ಹೇಳಬ್ಯಾಡ," ಎಂದಳು.

ಯಾಕೆ ಎಂದು ಕೇಳಿದೆ.

"ಅಕ್ಕ ಮೋಸ ಮಾಡಿದ್ಲು ಅಂದ್ರ ಅಕಿ ತಡ್ಕೋತಾಳ. ಅಕ್ಕಗೋಳು ಹಂಗ ಇರತಾರ. ಅಪ್ಪ ನನಗ ಕಡಿಮಿ ಹಾಕಿದ ಅಂತ ಗೊತ್ತಾದ್ರ ಅಕಿ ಯಾರನ್ನ ಕೇಳಬೇಕು? ಅಪ್ಪ ಇಲ್ಲ ಹೇಳಾಕ."

ಅಜ್ಜನಿಗೂ ಗೊತ್ತಿರಲಿಲ್ಲ, ಇದರಲ್ಲಿ ಅವರ ತಪ್ಪಿಲ್ಲ ಎಂದು ನಾನು ವಾದಿಸಿದೆ. ಗೊತ್ತಿತ್ತೋ ಇಲ್ಲವೋ ಎಂದು ನೀನು ಹೇಗೆ ಬಲ್ಲೆ ಎಂದು ಅವಳು ಕೇಳಿದಳು. ವ್ಯಾಪಾರದ ಮನುಷ್ಯ, ರೂಪಾಯಿಯ ಸಪ್ಪಳದಲ್ಲಿ ಖೋಟಾ ಹಿಡಿಯುತ್ತಿದ್ದವರು. 

ಅವ್ವ ತನ್ನ ಐದರಲ್ಲಿ ಮೂರನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಇವೇ ಅವಳವು, ತಪ್ಪಿ ನನ್ನ ಕಡೆ ಉಳಿದಿದ್ದವು ಎಂದು ಹೇಳಿ ಕೊಟ್ಟು ಬಾ ಎಂದಳು. ಗೊತ್ತಿದ್ದೂ ಇಲ್ಲದ್ದನ್ನು ಹೇಳುವುದು ನನ್ನಿಂದ ಆಗದು ಎಂದೆ. ಅವ್ವ ನನ್ನ ಕೆಲಸದ ಬಗ್ಗೆ ಮಾತಾಡಿದ್ದು ಅಪರೂಪ. ಅಂದು ಮಾತಾಡಿದಳು.

"ನೀ ಏನೂ ಹೇಳಬ್ಯಾಡ. 'ಅವ್ವ ಹಿಂಗ ಅಂದ್ಲು' ಅಂತ ಹೇಳು. ನಾ ಅಂದದ್ದಂತೂ ಖರೆ ಅಲ್ಲ? ಪೇಪರಿನ್ಯಾಗ ದಿನಾ ಹಂಗ ಬರೀತೀರಿ. ಅವರು ಹೇಳಿದ್ದಾರ, ಇವರು ತಿಳಿಸಿದ್ದಾರ ಅಂತ."

ದೀಪಾವಳಿ ಮುಗಿದ ವಾರ ರಾಮದುರ್ಗಕ್ಕೆ ಹೋದೆ. ಕಟಕೋಳ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತು, ಚಿಗವ್ವನ ಮನೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅವಳು ನನ್ನನ್ನು ಕಂಡು, ಬಾ ತಮ್ಮಾ ಎಂದು ಕರೆದು ಮೊದಲು ರೊಟ್ಟಿ ಹಾಕಿದಳು. ಉಣ್ಣುವಾಗ ಅಕ್ಕನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ಪಂಚಮಿಯ ಉಂಡಿಗೆ ಈ ಸಲ ಬೆಲ್ಲ ಹೆಚ್ಚಾಗಿತ್ತು ಎಂದಳು. ಕೈ ತೊಳೆದ ಮೇಲೆ ನಾನು ಮೂರು ರೂಪಾಯಿಗಳನ್ನು ಮುಂದಿಟ್ಟು, ಅವ್ವ ಹೇಳಿದ್ದನ್ನು ಅವ್ವ ಹೇಳಿದಳು ಎಂದೇ ಹೇಳಿದೆ.

ಚಿಗವ್ವ ಒಂದನ್ನು ಎತ್ತಿಕೊಂಡಳು. ಅದರ ಮುಖ ನೋಡಲಿಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನ ಸುತ್ತ ನಿಧಾನ ಎಳೆದಳು. ಎರಡನೆಯದನ್ನೂ ಹಾಗೇ ಮಾಡಿದಳು. ಮೂರನೆಯದನ್ನು ಮುಟ್ಟಲಿಲ್ಲ.

"ನಾ ಬಿಟ್ಟು ಬಂದಿದ್ನಲ್ಲ, ಆ ಮೂರು ಎಲ್ಲಿ ಅದಾವ?"

ಅವ್ವನ ಬಳಿ ಇವೆ ಎಂದೆ.

"ಇರ್ಲಿ. ಪಂಚಮಿಗೆ ಬರತೇನಿ ಅಂತ ಹೇಳು," ಎಂದಳು. ಇದನ್ನೂ ನಾನು ಅವಳು ಹೇಳಿದಂತೆಯೇ ಅವ್ವನಿಗೆ ತಲುಪಿಸಿದೆ.

1998ರ ಪಂಚಮಿಗೆ ಚಿಗವ್ವ ಬಂದು ಐದು ದಿನ ಇದ್ದಳು. ಆ ಐದು ದಿನದಲ್ಲಿ ಬೆಳ್ಳಿಯ ಮಾತು ಬರಲಿಲ್ಲ. ಇಬ್ಬರೂ ಹಿತ್ತಲಿನಲ್ಲಿ ಕೂತು ಅರಳು ಹಸನು ಮಾಡಿದರು. ಒಬ್ಬರ ಕೈಯ ಉಂಡಿಯನ್ನು ಇನ್ನೊಬ್ಬರು ಹಳಿದರು. ಅವ್ವನ ಉಂಡಿ ಗೋಡೆಗೆ ಒಗೆದರೆ ಗೋಡೆ ಬೀಳುತ್ತದೆ ಎಂದು ಚಿಗವ್ವ, ತಂಗಿಯದು ಕೈಯಲ್ಲಿ ಹಿಡಿಯುವ ಮೊದಲೇ ಹಿಟ್ಟಾಗುತ್ತದೆ ಎಂದು ಅವ್ವ. ಹೊರಡುವ ಬೆಳಿಗ್ಗೆ ಚಿಗವ್ವ ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಒಬ್ಬಳೇ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಬಂದು ತಾನಾಗಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು.

ಅವ್ವ ಉಡಿ ತುಂಬಿದಳು. ತುಂಬಿ ಮುಗಿದ ಮೇಲೆ ಚಿಗವ್ವ, ಆ ಮೂರನ್ನೂ ಹಾಕು ಎಂದಳು. ಅರೆಬೆಳ್ಳಿಯ ರೂಪಾಯಿ ಮನೆಯಲ್ಲಿ ಬೇಡ, ಹೋಗುವ ದಾರಿಯಲ್ಲಿ ಎಲ್ಲವ್ವನ ಹುಂಡಿಗೆ ಹಾಕಿ ಹೋಗುತ್ತೇನೆ ಎಂದಳು. ಅವ್ವ ಅರಿವೆಯ ಗಂಟನ್ನು ತಂದು ಬಿಚ್ಚದೆ ಹಾಕಿದಳು.

ಮರುವರ್ಷ ಚಿಗವ್ವನ ಕೊರಳಲ್ಲಿ ಹೊಸ ಕರಡಿಗೆ ಇತ್ತು. ಅವ್ವ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ್ದನ್ನು ನಾನು ಕಂಡೆ. ಚಲೋ ಆಗೈತಿ ಎಂದಳು. ಅಪ್ಪನ ಬೆಳ್ಳಿ ಎಂದಳು ಚಿಗವ್ವ. ಅಲ್ಲಿಗೆ ಆ ಮಾತು ಮುಗಿಯಿತು.

ಅವ್ವ 2002ರ ಮಳೆಗಾಲದಲ್ಲಿ ತೀರಿಕೊಂಡಳು. ಆ ವರ್ಷದ ದೀಪಾವಳಿಗೆ ಗಿಂಡಿಯ ರೂಪಾಯಿ ತೊಳೆಯುವ ಕೆಲಸ ನನ್ನ ಹೆಂಡತಿಗೆ ಬಂತು. ಅದುವರೆಗೆ ಅವ್ವ ಅದನ್ನು ಬೇರೆಯವರಿಗೆ ಬಿಟ್ಟಿರಲಿಲ್ಲ. ಗಿಂಡಿ ಬೋರಲು ಹಾಕಿದಾಗ ನಾನು ಪಕ್ಕದಲ್ಲಿದ್ದೆ. ಹರಿವಾಣದಲ್ಲಿ ಬಿದ್ದದ್ದು ಐದು ರೂಪಾಯಿ. ಅವ್ವ ಮೂರನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದಳು, ಉಳಿದಿರಬೇಕಾದದ್ದು ಎರಡು. ಐದರ ಅಂಚಿಗೂ ಉಗುರು ಎಳೆದೆ. ಯಾವುದರಲ್ಲೂ ನಡುಗೆರೆ ಇರಲಿಲ್ಲ. ಒಂದರ ಮೇಲೆ ಮೂಗಿಲ್ಲದ ರಾಣಿ ಇದ್ದಳು. ಅದನ್ನು ರಾಮದುರ್ಗಕ್ಕೆ ಒಯ್ದವನು ನಾನೇ.

1998ರಿಂದ 2001ರವರೆಗೆ ನಾಲ್ಕು ದೀಪಾವಳಿ ಅವ್ವ ಈ ಐದನ್ನು ತಿಕ್ಕಿ ತೊಳೆದು ಪೂಜೆಗೆ ಇಟ್ಟಿದ್ದಳು. ಅಂಚು ನೋಡುವುದು ಅವಳಿಗೆ ಗೊತ್ತಿತ್ತು. ಎಣಿಸುವುದೂ ಗೊತ್ತಿತ್ತು. ನನ್ನ ಮುಂದೆ ಹೇಳಲಿಲ್ಲ.

2003ರ ಬೇಸಿಗೆಯಲ್ಲಿ ರಾಮದುರ್ಗಕ್ಕೆ ಹೋದಾಗ ಚಿಗವ್ವನನ್ನು ಕೇಳಿದೆ. ಅವಳು ಅಡ್ಡಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಸವದತ್ತಿಯ ಪತ್ತಾರ ಅಂದು ಹೇಳಿದ್ದ ಇನ್ನೊಂದು ಮಾತು ಆಗ ನನಗೆ ತಿಳಿಯಿತು. ಅಂಚಿನಲ್ಲಿ ಗೆರೆ ಇದ್ದರೆ ಅದು ಯುದ್ಧದಲ್ಲಿ ಬಂದ ರೂಪಾಯಿ ಎಂದು ಅವರು ತೋರಿಸಿ ಹೇಳಿದ್ದರು.

"ಯುದ್ಧದಾಗ ಲಗ್ನ ಆದಾಕಿ ನಾನು. ಅಕ್ಕ ಅಲ್ಲ," ಎಂದಳು ಚಿಗವ್ವ. "ಸಕ್ಕರಿ ಸಿಗಲಿಲ್ಲಂತ ನನ್ನ ಲಗ್ನದಾಗ ಬೆಲ್ಲದ ಹುಗ್ಗಿ ಮಾಡಿದ್ರು. ಇದು ನನಗ ಬಸ್ಸಿನ್ಯಾಗ ಹೊಳೀಲಿಲ್ಲ, ಅಕ್ಕನ ಮುಂದ ಕುಂತಾಗ ಹೊಳೀಲಿಲ್ಲ. ಮನಿಗೆ ಬಂದು ಮಲಗಿದ ಮ್ಯಾಲೆ ಹೊಳೀತು. ಹೊಳದ ಮ್ಯಾಲೆ ಬರಾಕ ಮುಖ ಇರಲಿಲ್ಲ."

ಹಾಗಾದರೆ ನಾನು ರೂಪಾಯಿ ತಂದ ದಿನ ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಕ್ಕ ಅಷ್ಟು ದೂರ ಸುಳ್ಳು ಹೇಳಿ ಕಳಿಸಿದ್ದಾಳೆ, ಅದನ್ನು ಬೀಳಿಸಬಾರದು ಅನಿಸಿತು ಎಂದಳು. ಪಂಚಮಿಯ ಆ ಬೆಳಿಗ್ಗೆ ಜಗಲಿಯ ಮುಂದೆ ಕೂತಾಗ ನಾನು ತಂದುಕೊಟ್ಟಿದ್ದ ಮೂರನ್ನೂ ಗಿಂಡಿಯೊಳಗೆ ಇಳಿಸಿದ್ದಳು, ಸಪ್ಪಳವಾಗದಂತೆ ಒಂದೊಂದನ್ನೇ. ಅರೆಬೆಳ್ಳಿಯ ಮೂರನ್ನು ಹುಂಡಿಗೆ ಹಾಕಲಿಲ್ಲ. ಗುಡ್ಡ ಹತ್ತದೆ ಸವದತ್ತಿಯ ಅಂಗಡಿಗೆ ಹೋಗಿ, ತನ್ನಲ್ಲಿದ್ದ ಎರಡರ ಜೊತೆ ಅವನ್ನು ಪತ್ತಾರನ ಮುಂದೆ ಇಟ್ಟಳು.

"ಅಪ್ಪ ಹಾಕಿದ್ದು ಎಷ್ಟೋ ಅಷ್ಟ. ಅಕ್ಕನ ಬೆಳ್ಳಿ ಕೊರಳಾಗ ಹಾಕ್ಕೊಂಡು ಅಪ್ಪನದು ಅನ್ನಲೇನು?"

ಪತ್ತಾರರನ್ನು ನಾನು ಅದೇ ವಾರ ಕಂಡೆ. ಅವರಿಗೆ ಆ ಕೆಲಸ ನೆನಪಿತ್ತು. ತಾಮ್ರ ತೆಗೆದು ಬೆಳ್ಳಿ ಶುದ್ಧ ಮಾಡಿ, ಕಡಿಮೆಯಾದದ್ದಕ್ಕೆ ಬೇರೆ ಬೆಳ್ಳಿ ಸೇರಿಸಿ ಮಾಡಿಕೊಡುತ್ತೇನೆ ಎಂದು ಹೇಳಿದ್ದರಂತೆ. ಏನೂ ತೆಗೆಯಬೇಡಿ, ಏನೂ ಸೇರಿಸಬೇಡಿ ಎಂದಳಂತೆ ಚಿಗವ್ವ. ಬಡಿಯುವಾಗ ಮುಚ್ಚಳದ ಬಳಿ ಸೀಳು ಬಿಟ್ಟಿತು. ಅದನ್ನು ಬೆಸೆದು ಕೊಟ್ಟಿದ್ದರು. ವರ್ಷಕ್ಕೊಮ್ಮೆ ತಂದರೆ ತೊಳೆದು ಕೊಡುವುದಾಗಿ ಹೇಳಿದ್ದರು.

ಚಿಗವ್ವ 2006ರ ಜನವರಿಯಲ್ಲಿ ರಾಮದುರ್ಗದಲ್ಲಿ ತೀರಿಕೊಂಡಳು. ಮಣ್ಣು ಕೊಡುವ ಮೊದಲು ಲಿಂಗವನ್ನು ಕರಡಿಗೆಯಿಂದ ತೆಗೆದು ಅವಳ ಅಂಗೈಯಲ್ಲಿ ಇಟ್ಟರು. ಬರಿದಾದ ಕರಡಿಗೆಯನ್ನು ಸೊಸೆ ಇಟ್ಟುಕೊಂಡಳು. ಬೆಸುಗೆಯ ಸುತ್ತ ಅದು ಕಪ್ಪಾಗಿತ್ತು. 2008ರ ದೀಪಾವಳಿಯ ಮುಂಚೆ ಸೊಸೆ ಅದನ್ನು ಸವದತ್ತಿಗೆ ಒಯ್ದು ತೊಳೆಸಿಕೊಂಡು ಬಂದಳು. ಹೊಳಪು ಸಂಕ್ರಾಂತಿಯವರೆಗೆ ಇತ್ತು ಎಂದು ಅವಳು ಹೇಳಿದ್ದಾಳೆ. ಐದು ರೂಪಾಯಿ ಬೈಲಹೊಂಗಲದ ಗಿಂಡಿಯಲ್ಲಿವೆ.